ಖಾನಾಪುರದ ಕ್ಯಾಸೆಟ್ಟೂ ಇಲ್ಲದ ಫೈಲೂ

ನಾನು ಕೆಲಸ ಬಿಟ್ಟ ದಿನ ಸ್ಟುಡಿಯೋದ ಹುಡುಗಿಯರು ಕುಂದಾ ತರಿಸಿದ್ದರು. ತಿನ್ನುತ್ತಾ ತಿನ್ನುತ್ತಾ ಒಬ್ಬಳು ಕೇಳಿದಳು: “ಅಕ್ಕಾರ, ನಿಮ್ಮ ಕಾಲದಾಗ ಒಂದ ಲಗ್ನದ ವಿಡಿಯೋ ಮಿಕ್ಸಿಂಗ್ ಮಾಡಿ ಡಿವಿಡಿಗೆ ಹಾಕಾಕ ವಾರಗಟ್ಲೆ ಹಿಡೀತಿತ್ತಂತಲ್ರಿ, ಖರೇನ? ನಾವು ಚಾ ಕುಡ್ಯೂದ್ರಾಗ ಮುಗಸ್ತೀವಿ.”

“ಖರೇ ಐತಿ ನೋಡವ್ವಾ. ನೀವು ಶಾಣ್ಯಾರು, ನಾವು ಹುಚ್ಚರು,” ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಹಾಂತೇಶ ನಗರದ ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಸಿಟ್ಟು ಬಂತು. ಚಹಾ ಕುಡಿಯುವುದರೊಳಗೆ ಮುಗಿಸುತ್ತಾರಂತೆ! ಅಷ್ಟು ಹೊತ್ತಿನಲ್ಲಿ ಆ ಕಂಪ್ಯೂಟರಿನ ಡಬ್ಬಿಯೊಳಗೆ ಏನು ನಡೆಯುತ್ತದೆಂದು ಇವರಿಗೆ ಗೊತ್ತಾದರೆ ಚಹಾ ಆರಿ ತಣ್ಣಗಾಗುತ್ತದೆ, ಬಾಯಿ ತೆರೆದುಕೊಂಡು ಕೂತುಬಿಡುತ್ತಾರೆ. ನಾನು ಹಾಗೆ ಬಾಯಿ ತೆರೆದುಕೊಂಡೇ ಇಡೀ ಉದ್ಯೋಗ ಮುಗಿಸಿದವಳು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ನನ್ನ ಬಡ್ತಿಯ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಬಾಗಿಲ ಬಳಿಯ ಕುರ್ಚಿಯಿಂದ ಫ್ಯಾನಿನ ಕೆಳಗಿನ ಕುರ್ಚಿಗೆ ಬಂದೆ. ಹೇಳಬೇಕಾದದ್ದು ಅದಲ್ಲ. ಖಾನಾಪುರದಿಂದ ಬಂದ ಒಂದು ಕ್ಯಾಸೆಟ್ಟಿನ ಬಗ್ಗೆ ಹೇಳಬೇಕು. ಆ ಹುಡುಗಿಗೆ ಉತ್ತರ ಅದರಲ್ಲೇ ಇದೆ.

ಬೆಳಗಾವಿಯ ಶಿವಬಸವ ನಗರದಲ್ಲಿ ನಮ್ಮ ಸ್ಟುಡಿಯೋ. ಮಾಲಕರ ಹೆಸರು ಬಾಳಾಸಾಹೇಬರು. ಮದುವೆ, ಜವಳ, ಸೀಮಂತ, ಶಾಲೆಯ ಗ್ಯಾದರಿಂಗು, ಏನಿದ್ದರೂ ಚಿತ್ರೀಕರಿಸಿ ತರುವವರು ಬೇರೆ, ಕತ್ತರಿಸಿ ಜೋಡಿಸಿ ಡಿವಿಡಿ ಮಾಡುವವಳು ನಾನು. ಜನ ಅದಕ್ಕೆ ‘ಮಿಕ್ಸಿಂಗ್’ ಅನ್ನುತ್ತಿದ್ದರು. ನಮ್ಮತ್ತೆ ಮೊದಮೊದಲು ನಾನು ಹಿಟ್ಟಿನ ಗಿರಣಿಗೆ ಹೋಗುತ್ತೇನೆಂದೇ ತಿಳಿದಿದ್ದರು.

ಹಳೆಯ ವೀಡಿಯೋ ಕ್ಯಾಸೆಟ್ಟುಗಳನ್ನು ಜನ ಡಿವಿಡಿ ಮಾಡಿಸಿಕೊಳ್ಳುತ್ತಿದ್ದ ಕಾಲ. ದಸರೆಗೆ ಇನ್ನು ಸ್ವಲ್ಪ ದಿನ ಇರುವಾಗ ಖಾಕಿ ಅಂಗಿಯ ಬಸ್ ಕಂಡಕ್ಟರ್ ಒಬ್ಬರು ಬಂದರು. ಹೆಸರು ವಿಠ್ಠಲ. ಖಾನಾಪುರದವರು, ಧನಗರರ ಮನೆತನ. ಅಪ್ಪನ ಕಾಲದವರೆಗೂ ಕಾಡಿನ ಅಂಚಿನಲ್ಲಿ ಎಮ್ಮೆ, ಕುರಿ ಮೇಯಿಸಿಕೊಂಡಿದ್ದವರು. ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಕ್ಯಾಸೆಟ್ಟನ್ನು ಮೇಜಿನ ಮೇಲೆ ಇಟ್ಟು, ಕೈ ತೆಗೆಯದೆ ನಿಂತರು.

“ಅಕ್ಕಾರ, ಇದು ನಮ್ಮ ಊರ ಸಾವಕಾರ್ರ ಮನಿ ಲಗ್ನದ್ದು. ಅವರ ಮನಿ ಅಟ್ಟದ ಮ್ಯಾಲ ಬಿದ್ದಿತ್ತು. ಇದರಾಗ ನಮ್ಮಪ್ಪ ಗಜಿ ಕುಣದಾನ,” ಎಂದರು.

ಗಜಿ ಎಂದರೆ ಧನಗರರ ಕುಣಿತ. ಡೊಳ್ಳಿನ ಸುತ್ತ ಬಿಳಿ ಅಂಗಿ, ರುಮಾಲಿನ ಗಂಡಸರು ಕರವಸ್ತ್ರ ಬೀಸುತ್ತ ಕುಣಿಯುತ್ತಾರೆ.

“ಅಪ್ಪ ತೀರಿ ಭಾಳ ವರ್ಷ ಆತರಿ. ಅವನ್ದು ಒಂದರೆ ಛಲೋ ಫೋಟೋ ಇಲ್ಲ. ಮತದಾನದ ಚೀಟಿ ಮ್ಯಾಲ ಇತ್ತು, ಅದರಾಗ ಮಾರಿ ಯಾವದು, ರುಮಾಲ ಯಾವದು ತಿಳೀವಲ್ದು. ಈಗ ನಮ್ಮವ್ವಗ ಕಾಚಬಿಂದು ಆಗೇತಿ. ಕಣ್ಣ ಕಡಿಂದ ಕಪ್ಪಾಗಕೋತ ಬರಾಕತ್ತಾವ. ಹೋದ ನೋಟ ತಿರಗಿ ಬರೂದಿಲ್ಲಂತ, ಇದ್ದದ್ದೂ ಭಾಳ ದಿನ ಇರೂದಿಲ್ಲಂತ ಡಾಕ್ಟರ್ ಹೇಳ್ಯಾರ. ಅವಗ ಒಮ್ಮಿ ಅಪ್ಪನ ಮಾರಿ ನೋಡಬೇಕಂತ. ಅಷ್ಟ ಆಸೆ ಐತಿ.”

“ದಸರಾಕ್ಕ ಕೊಡ್ತೀವಿ. ಕುಂದರ್ರಿ, ಚಾ ಕುಡೀರಿ,” ಎಂದೆ. ಮಾತು ಕೊಟ್ಟಾದ ಮೇಲೆ ಕ್ಯಾಸೆಟ್ಟಿನ ಮುಚ್ಚಳ ತೆರೆದು ನೋಡಿದೆ. ಟೇಪಿನ ಮೇಲೆ ಬೂಷ್ಟು ಹಿಡಿದಿತ್ತು.

ಒರೆಸಿ, ಒಣಗಿಸಿ, ಹಿಂದೆ ಮುಂದೆ ಸುತ್ತಿ, ದೇವರ ಹೆಸರು ಹೇಳಿ ಪ್ಲೇಯರಿಗೆ ಹಾಕಿದೆ. ಒಂದು ಸಲ ಪೂರ್ತಿ ಓಡಿತು. ಓಡುತ್ತಿದ್ದಂತೆ ಕಂಪ್ಯೂಟರಿಗೆ ಇಳಿಸಿಕೊಂಡೆ. ಎರಡನೇ ಸಲ ಹಾಕಿದರೆ ಟೇಪು ಒಳಗೇ ಸುತ್ತಿಕೊಂಡು ಹರಿಯಿತು. ಅಂದರೆ ನನ್ನ ಕಂಪ್ಯೂಟರಿನಲ್ಲಿ ಇದ್ದದ್ದೇ ಕಡೆಯದು. ಅದರಲ್ಲಿ ಕುಣಿತ ಕಾಣುತ್ತಿತ್ತು, ಆದರೆ ಮಳೆಗಾಲದ ಕಿಟಕಿಯಿಂದ ನೋಡಿದಂತೆ. ಬಣ್ಣದ ಕಲೆಗಳು ಓಡಾಡುತ್ತಿದ್ದವು, ಬಿಳಿ ಚುಕ್ಕೆಗಳು ಚಟಪಟ ಹಾರುತ್ತಿದ್ದವು. ಕುಣಿಯುವವರಿಗೆ ರುಮಾಲು ಇತ್ತು, ಮುಖ ಇರಲಿಲ್ಲ.

ಇಲ್ಲಿ ನಮ್ಮ ಕೆಲಸದ ಗುಟ್ಟು ಹೇಳಬೇಕು. ಕತ್ತರಿಸಿ ಜೋಡಿಸುವ ಪ್ರೋಗ್ರಾಮು ಒಂದು, ಅದನ್ನು ಡಿವಿಡಿಗೆ ಹಿಡಿಸುವಂತೆ ಹಿಂಡಿ ಕೊಡುವ ಪ್ರೋಗ್ರಾಮು ಇನ್ನೊಂದು. ಅದಕ್ಕೆ ಎನ್ಕೋಡರ್ ಅನ್ನುತ್ತಾರೆ. ಒಂದರಿಂದ ಇನ್ನೊಂದಕ್ಕೆ ಚಿತ್ರ ದಾಟಿಸಬೇಕಾದರೆ ನಡುವೆ ಒಂದು ದೊಡ್ಡ ಫೈಲು ಮಾಡಿ ಇಡಬೇಕು. ಚಿತ್ರ ಕೆಡದಂತೆ ಇಡಲು ಹೋದರೆ ಆ ಫೈಲು ಹಾರ್ಡ್ ಡಿಸ್ಕಿನಲ್ಲಿ ಹಿಡಿಸುತ್ತಿರಲಿಲ್ಲ. ಸಣ್ಣದು ಮಾಡಿ ಇಟ್ಟರೆ ಚಿತ್ರವೇ ಕೆಡುತ್ತಿತ್ತು. ಅತ್ತ ದರಿ, ಇತ್ತ ಪುಲಿ.

ಅದಕ್ಕೆ ಯಾರೋ ಪುಣ್ಯಾತ್ಮರು ಒಂದು ಉಪಾಯ ಮಾಡಿದ್ದರು. ಮನೆ ಕಟ್ಟುವಲ್ಲಿ ಇಟ್ಟಂಗಿ ಹೇಗೆ ಮೇಲಕ್ಕೆ ಹೋಗುತ್ತದೆ? ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾರೆ, ನಡುವೆ ಎಲ್ಲೂ ರಾಶಿ ಹಾಕುವುದಿಲ್ಲ. ಹಾಗೇ ಇದು. ಎನ್ಕೋಡರ್ ಕೇಳುತ್ತದೆ: ಒಂದು ಫ್ರೇಮು ಕೊಡು, ಒಂದೇ ಒಂದು ಬಿಡಿಚಿತ್ರ. ಎಡಿಟಿಂಗ್ ಪ್ರೋಗ್ರಾಮು ಅದೊಂದನ್ನೇ ತಯಾರಿಸಿ ಕೊಡುತ್ತದೆ. ಇದು ಅದನ್ನು ಹಿಂಡಿಟ್ಟು ಮತ್ತೆ ಕೇಳುತ್ತದೆ. ಕೈಗಳ ನಡುವೆ ಚಿತ್ರದ ಕೊಳೆ ತೆಗೆಯುವ ಫಿಲ್ಟರ್ ಒಂದನ್ನು ನಿಲ್ಲಿಸಿದರೆ ಅದು ಪ್ರತಿಯೊಂದು ಇಟ್ಟಂಗಿಯ ಧೂಳು ಒರೆಸಿ ಮುಂದಕ್ಕೆ ಕೊಡುತ್ತದೆ. ಹೀಗೆ ಇಡೀ ಮದುವೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಹೋಗುತ್ತದೆ, ನಡುವೆ ಫೈಲು ಎಂಬುದೇ ಇಲ್ಲ! ಎನ್ಕೋಡರಿಗೆ ತೋರಿಸಲು ಮಾತ್ರ ಒಂದು ಚಿಟಿಕೆಯಷ್ಟು ಫೈಲು ಇರುತ್ತದೆ. ಅದರಲ್ಲಿ ಚಿತ್ರವಿಲ್ಲ, ‘ಚಿತ್ರ ಆ ಮನೆಯಲ್ಲಿ ಸಿಗುತ್ತದೆ, ಅಲ್ಲಿ ಕೇಳು’ ಎಂಬ ವಿಳಾಸ ಮಾತ್ರ. ಎನ್ಕೋಡರ್ ಆ ವಿಳಾಸವನ್ನೇ ಚಿತ್ರವೆಂದು ನಂಬಿ ಓದುತ್ತಾ ಹೋಗುತ್ತದೆ. ಮೊದಲ ಸಲ ಇದನ್ನು ಮಾಡಿದಾಗ ನನಗೆ ಮೈಯೆಲ್ಲ ಜುಮ್ಮೆಂದಿತು. ಇವತ್ತಿಗೂ ಅನ್ನುತ್ತದೆ.

ಖಾನಾಪುರದ ಕ್ಯಾಸೆಟ್ಟು ಬರುವ ಮೊದಲಿನ ಮಾತು, ಬಾಳಾಸಾಹೇಬರಿಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ಕಣ್ಣಿಗೆ ಕಾಣದ್ದನ್ನು ಅವರು ನಂಬುವವರಲ್ಲ.

“ಫೈಲ ಎಲ್ಲೈತಿ, ತೋರಸ್ರಿ.”

“ಇದ ನೋಡ್ರಿ.”

“ಇಷ್ಟ ಸಣ್ಣ ಫೈಲ್‌ನ್ಯಾಗ ಒಂದ ಲಗ್ನ ಹ್ಯಾಂಗ ಕುಂದರತೈತ್ರಿ ಸುನಂದಾಬಾಯಿ? ಬೀಗರ ಹೆಸರ ಬರದ್ರೂ ಇದಕ್ಕಿಂತ ದೊಡ್ಡದ ಆಗತೈತಿ!”

“ಲಗ್ನ ಅದರಾಗ ಇಲ್ರೀ. ಲಗ್ನ ಎಲ್ಲೈತಿ ಅನ್ನೂದು ಅದರಾಗ ಐತಿ.”

ಅವರು ನನ್ನನ್ನೇ ನೋಡಿದರು, ಇವಳಿಗೆ ಬಿಸಿಲು ತಾಗಿದೆ ಎಂಬಂತೆ. ಆದರೆ ಮರುವಾರ ನಾನು ರಜೆಯಲ್ಲಿದ್ದಾಗ ಅದೇ ಚಿಟಿಕೆಯಷ್ಟು ಫೈಲನ್ನು, ‘ಏನೋ ಹೊಸಾ ಟೆಕ್ನಿಕ್ಕು’ ಎಂದುಕೊಂಡು, ಸಿಡಿಗೆ ಹಾಕಿ ಆಟೋ ನಗರದ ಒಬ್ಬ ಗ್ಯಾರೇಜ್ ಮಿಸ್ತ್ರಿಗೆ ಕೊಟ್ಟುಬಿಟ್ಟರು. ಮಿಸ್ತ್ರಿ ಮಗಳ ಮದುವೆ ನೋಡಲು ಬೀಗರನ್ನೆಲ್ಲ ಕರೆದು ಊಟಕ್ಕೆ ಹಾಕಿ, ಟಿವಿ ಹಚ್ಚಿ ಕೂತಿದ್ದರಂತೆ. ಏನೂ ಬರಲಿಲ್ಲ. ಮರುದಿನ ಗ್ರೀಸಿನ ಕೈಯಲ್ಲೇ ಸಿಡಿ ಹಿಡಿದುಕೊಂಡು ಬಂದರು.

“ಏನ್ರೀ ಮಾಲಕ್ರ? ಗಾಡಿ ಕೊಡ್ರಿ ಅಂದ್ರ ಬರೀ ಚಾವಿ ಕೊಟ್ಟೀರಲ್ಲ!”

ಇಷ್ಟು ಚೆನ್ನಾಗಿ ಆ ಫೈಲನ್ನು ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ. ಹೌದು, ಅದು ಚಾವಿ. ಗಾಡಿ ನಮ್ಮ ಕಂಪ್ಯೂಟರಿನಲ್ಲಿ, ಅದೂ ಎಡಿಟಿಂಗ್ ಪ್ರೋಗ್ರಾಮು ತೆರೆದಿರುವಷ್ಟು ಹೊತ್ತು ಮಾತ್ರ. ಅದನ್ನು ಮುಚ್ಚಿದರೆ ಮುಗಿಯಿತು: ಎನ್ಕೋಡರ್ ಕೈ ಚಾಚಿಕೊಂಡು ನಿಲ್ಲುತ್ತದೆ, ಕೊಡುವ ಕೈ ಇರುವುದಿಲ್ಲ. ಬಾಳಾಸಾಹೇಬರು ಮಿಸ್ತ್ರಿಗೆ ಚಹಾ ಹೇಳಿದರು. ಅಂದಿನಿಂದ ಆ ಫೈಲನ್ನು ಅವರೂ ‘ಚಾವಿ’ ಎಂದೇ ಕರೆದರು.

ಈಗ ಖಾನಾಪುರದ ಕ್ಯಾಸೆಟ್ಟಿಗೆ ಬರುತ್ತೇನೆ. ಸಾವಕಾರರ ಅಕ್ಷತೆ, ಊಟ, ಆಹೇರಿನ ಉಡುಗೊರೆ ಎಲ್ಲ ತೆಗೆದು ಕುಣಿತವನ್ನಷ್ಟೇ ಉಳಿಸಿದೆ. ನಡುವೆ ನಿಲ್ಲಿಸಲು ನನ್ನ ಬಳಿ ಇದ್ದ ಅತಿ ಗಟ್ಟಿ ಫಿಲ್ಟರನ್ನು ಆರಿಸಿದೆ. ಅದರ ಬುದ್ಧಿ ಸರಳ. ಒಂದು ಫ್ರೇಮನ್ನು ಹಿಂದಿನದರ ಜೊತೆ, ಮುಂದಿನದರ ಜೊತೆ ಹಿಡಿದು ನೋಡುತ್ತದೆ. ಮೂರರಲ್ಲೂ ಇದ್ದದ್ದು ನಿಜ. ಒಂದರಲ್ಲಿ ಮಾತ್ರ ಕಂಡು ಮಾಯವಾದದ್ದು ಟೇಪಿನ ಕಸ; ತೆಗೆದು ಒಗೆ. ಓಡಾಡುವ ಬಣ್ಣದ ಕಲೆಗಳನ್ನೂ ಹಾಗೇ ತೊಳೆಯುತ್ತದೆ. ಆದರೆ ನಿಧಾನ ಎಂದರೆ ನಿಧಾನ. ಎರಡು ದಿನ ಬಿಟ್ಟೂ ಬಿಡದೆ ಓಡಿದರೆ ಮಾತ್ರ ಕುಣಿತ ದಾಟುತ್ತಿತ್ತು.

ಲೆಕ್ಕ ತಪ್ಪಿತು. ಓಟದ ನಡುವೆಯೇ, ದಸರೆಯ ಹಿಂದಿನ ದಿನ, ಖಂಡೇನವಮಿ ಬಂತು.

ನಮ್ಮ ಕಡೆ ಖಂಡೇನವಮಿಯ ದಿನ ಕೈ ದುಡಿಸುವ ಯಾವ ಸಾಮಾನನ್ನೂ ದುಡಿಸುವಂತಿಲ್ಲ. ಕುಡಗೋಲು, ತಕ್ಕಡಿ, ಲಾರಿ, ಹೊಲಿಗೆ ಯಂತ್ರ, ಎಲ್ಲಕ್ಕೂ ಅವತ್ತು ಪೂಜೆ, ವಿಶ್ರಾಂತಿ. ಬಾಳಾಸಾಹೇಬರು ಇದರಲ್ಲಿ ಬಲು ಕಟ್ಟುನಿಟ್ಟು. ಮಡಿ ಉಟ್ಟು, ಹೂವಿನ ಪುಟ್ಟಿ ಹಿಡಿದು ಒಳಗೆ ಬಂದವರು ಕಂಪ್ಯೂಟರಿನ ಗಾಳಿಯ ಸದ್ದು ಕೇಳಿ ಬಾಗಿಲಲ್ಲೇ ನಿಂತರು.

“ಇದ್ಯಾಕ್ರೀ ಚಾಲೂ ಐತಿ? ಬಂದ್ ಮಾಡ್ರಿ.”

“ಬಂದ್ ಮಾಡಿದ್ರ ಮೊದಲಿಂದ ಸುರು ಮಾಡಬೇಕಾಗತೈತ್ರಿ. ದಸರಾಕ್ಕ ಸಿಗೂದಿಲ್ಲ.”

“ಇವತ್ತ ಆಯುಧ ಮುಟ್ಟೂ ಹಂಗಿಲ್ಲ, ಗೊತ್ತಿಲ್ಲೇನ ನಿಮಗ?”

“ನಾ ಎಲ್ಲಿ ಮುಟ್ಟೇನ್ರಿ? ದೂರ ನಿಂತೇನಿ. ಅದು ತಾನ ಬೇಡಾಕತ್ತೈತಿ, ತಾನ ಕೊಡಾಕತ್ತೈತಿ.”

ಬಾಳಾಸಾಹೇಬರಿಗೆ ಸಿಟ್ಟು ಬಂದಿತ್ತು, ನನಗೂ ಬಂದಿತ್ತು. ಅವರು ಪರದೆಯ ಹತ್ತಿರ ಹೋದರು. ಅಲ್ಲಿ ಫ್ರೇಮಿನ ಸಂಖ್ಯೆ ಒಂದೊಂದಾಗಿ ಏರುತ್ತಿತ್ತು. ಬೂಷ್ಟಿನ ಚಿತ್ರ ಒಂದು ಕಿಟಕಿಯಲ್ಲಿ, ತೊಳೆದ ಚಿತ್ರ ಪಕ್ಕದ ಕಿಟಕಿಯಲ್ಲಿ. ಒಬ್ಬ ಮನುಷ್ಯನ ಎತ್ತಿದ ಕೈ ಕಲೆಗಳ ನಡುವಿನಿಂದ ಹೊರಟು ಈಚೆ ಕಿಟಕಿಯಲ್ಲಿ ಐದು ಬೆರಳಾಗಿ ಮೂಡುತ್ತಿತ್ತು. ಮಾಲಕರು ಎಷ್ಟೋ ಹೊತ್ತು ನೋಡಿದರು. ಅವರು ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

“ಯಪ್ಪಾ… ನಡುವ ಏನೂ ಇಲ್ಲ?”

“ಏನೂ ಇಲ್ರೀ.”

“ಹರಿಯೂ ಹೊಳಿಗೆ ಪೂಜಿ ಮಾಡ್ತೀವಲ್ಲ, ನೀರ ನಿಲ್ಲಿಸಿ ಮಾಡ್ತೀವೇನು?” ಎಂದು ತಮಗೆ ತಾವೇ ಕೇಳಿಕೊಂಡರು. ಆಮೇಲೆ ಓಡುತ್ತಿರುವ ಕಂಪ್ಯೂಟರಿಗೆ ಹಾಗೇ ಆರತಿ ಬೆಳಗಿದರು. ಕೀಬೋರ್ಡಿನ ಮೇಲೆ ಕಾಯಿ ಇಡಲು ಹೊರಟಿದ್ದರು; ನಾನು ಹೌಹಾರಿ ತಟ್ಟೆ ಅಡ್ಡ ಹಿಡಿದೆ. ಇಲ್ಲದಿದ್ದರೆ ವಿಠ್ಠಲನ ಅಪ್ಪ ಅಲ್ಲಿಗೇ ನಿಲ್ಲುತ್ತಿದ್ದ.

ದಸರೆಯ ಬೆಳಿಗ್ಗೆ ಡಿವಿಡಿ ಸಿದ್ಧವಾಯಿತು. ವಿಠ್ಠಲ ಬಂದು, “ಅಕ್ಕಾರ, ನೀವೂ ಬರ್ರಿ. ಅವ್ವ ನಿಮ್ಮನ್ನ ಕರಕೊಂಡ ಬಾ ಅಂದಾಳ,” ಎಂದರು. ಅವರ ಜೊತೆಯೇ ಬಸ್ಸು ಹತ್ತಿದೆ. ನಿಜ ಹೇಳುತ್ತೇನೆ, ಆ ದಿನ ನನ್ನಷ್ಟು ಜಂಬದವಳು ಆ ಬಸ್ಸಿನಲ್ಲಿ ಇನ್ನೊಬ್ಬಳು ಇರಲಿಲ್ಲ. ಮುಖವಿಲ್ಲದ ಮನುಷ್ಯನಿಗೆ ಮುಖ ಕೊಟ್ಟು ತರುತ್ತಿದ್ದೆ. ಚೀಲವನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ಖಾನಾಪುರದ ಬಸ್‌ಸ್ಟ್ಯಾಂಡಿನಿಂದ ಮಲಪ್ರಭಾ ಹೊಳೆಯ ಕಡೆಗೆ ನಡೆದರೆ ವಿಠ್ಠಲನ ಮನೆ. ಒಳಗೆ ಅವರ ತಂಗಿಯರು, ಹೆಂಡತಿ, ಅಕ್ಕಪಕ್ಕದವರು. ಟಿವಿಯ ಎದುರು, ಮುಟ್ಟುವಷ್ಟು ಹತ್ತಿರ, ಹಸಿರು ಸೀರೆ ಕಚ್ಚೆ ಹಾಕಿ ಉಟ್ಟ ಅವರ ಅವ್ವ ಸೋನವ್ವ ಕೂತಿದ್ದರು. ಊರಿನವರು ಅವರನ್ನು ‘ಆಯಿ’ ಎಂದೇ ಕರೆಯುವುದು. ಮುಖವನ್ನು ಸ್ವಲ್ಪ ಓರೆ ಮಾಡಿ, ಉಳಿದಿದ್ದ ಒಂದಿಷ್ಟು ನೋಟವನ್ನು ಗುರಿಯಿಟ್ಟು ನನ್ನನ್ನು ನೋಡಿದರು.

“ಬಾ ತಂಗಿ, ಬಾಜುಕ ಕುಂದರ,” ಎಂದರು.

ಡೊಳ್ಳು ಶುರುವಾಯಿತು. ಸಾಲು ತಿರುಗಿತು. ಎರಡನೇ ಸುತ್ತಿಗೆ ಎಡಗಡೆಯಿಂದ ಎತ್ತರದ ಮನುಷ್ಯ ಒಬ್ಬ ಕರವಸ್ತ್ರ ಬೀಸುತ್ತ ಮುಂದೆ ಬಂದ. ಅಗಲ ಹಣೆ, ದಪ್ಪ ಮೀಸೆ, ನಗುವಾಗ ಒಂದೇ ಕಡೆ ಏರುವ ತುಟಿ. ಎಲ್ಲವೂ ನಿಚ್ಚಳ.

“ಅವ್ವಾ, ನೋಡ! ಅಪ್ಪ!” ವಿಠ್ಠಲ ಕೂಗಿದರು.

“ಹೌದು. ಅವರ,” ಎಂದರು ಸೋನವ್ವ. ಗಂಡನ ಹೆಸರು ಹೇಳುವವರಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತಂಗಿಯರು ಅತ್ತರು, ವಿಠ್ಠಲ ಅತ್ತರು, ನನಗೂ ತಡೆಯಲಾಗಲಿಲ್ಲ. ಕುಣಿತ ಮೇಲೇರಿತು, ಡೊಳ್ಳು ದುಡುದುಡು ಎಂದಿತು, ಮುಗಿಯಿತು.

ಸೋನವ್ವ ಟಿವಿಯಿಂದ ಮುಖ ತೆಗೆಯಲಿಲ್ಲ.

“ಭಂಡಾರ ಎಲ್ಲೈತೋ?” ಎಂದು ಕೇಳಿದರು.

“ಯಾವ ಭಂಡಾರಬೇ?”

“ಕಡೀಕ ಭಂಡಾರ ಹಾರೂದಿತ್ತಲ್ಲ. ಭಂಡಾರ, ಖೊಬ್ರಿ.”

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಭಂಡಾರ ಎಂದರೆ ದೇವರ ಅರಿಸಿನ. ಕುಣಿತ ಏರಿದಾಗ ಒಣಕೊಬ್ಬರಿಯ ಚೂರು ಬೆರೆಸಿ ಅದನ್ನು ಕುಣಿಯುವವರ ಮೇಲೆ ತೂರುತ್ತಾರೆ. ವಿಠ್ಠಲ ಮತ್ತೊಮ್ಮೆ ಹಾಕಿದರು. ಭಂಡಾರ ಇರಲಿಲ್ಲ. ಗಾಳಿ ಸ್ವಚ್ಛವಾಗಿತ್ತು, ಕನ್ನಡಿಯ ಹಾಗೆ.

“ನಿನಗ ಕಣ್ಣ ಸಾಲೂದಿಲ್ಲಬೇ ಅವ್ವಾ,” ಎಂದರು ವಿಠ್ಠಲ, ಮೆಲ್ಲಗೆ.

“ಮಾರಿ ಕಂಡತು. ಮೀಸಿ ಕಂಡತು. ಹಳದಿ ಬಣ್ಣ ಅಷ್ಟ ಯಾಕ ಕಾಣವಲ್ದು?” ಸೋನವ್ವ ಕಣ್ಣುಜ್ಜಿಕೊಂಡರು. “ಹಂಗಾರ ನನ್ನ ಕಣ್ಣ ಆಗಲೇ ಹೋದಂಗ ಆತು. ಅದನ್ನ ನೋಡಬೇಕಂತ ಅಲ್ಲೇನೋ ನಾ ಹಟ ಹಿಡದಿದ್ದು.”

“ಅಪ್ಪನ ಮಾರಿ ನೋಡಬೇಕಂದಿದ್ದೆಲ್ಲ?”

“ಅವರ ಮಾರಿ ನನಗ ಕಣ್ಣ ಮುಚ್ಚಿದ್ರೂ ಕಾಣತೈತಿ. ನಿಮಗ ನೋಡಾಕ ಸಿಗಲಿ ಅಂತ ಹಂಗ ಅಂದಿದ್ನಿ.” ಆಮೇಲೆ ನನ್ನ ಕಡೆ ತಿರುಗಿದರು. “ತಂಗಿ, ಲಗ್ನಕ್ಕ ಬಂದ ವಿಡಿಯೋದಾಂವ ಹೆಂಗಸರನ್ನೆಲ್ಲಾ ಬಾಜು ಸರೀರಿ, ಬಾಜು ಸರೀರಿ ಅಂತ ದಬ್ಬಿದ. ನಾವು ಪಡದ್ಯಾಗ ಇಲ್ಲ. ಬಾಜುಕ ನಿಂತು ನಾ ಅವರ ಮ್ಯಾಲ ಭಂಡಾರ ಹಾರಸಿದ್ನಿ. ನಾವಿಬ್ಬರೂ ಕೂಡಿ ಎಲ್ಲೂ ಒಂದ ಫೋಟೋ ಹೊಡಿಸಿಲ್ಲ. ಅದೊಂದ ಐತಿ ಅಂದುಕೊಂಡಿದ್ನಿ. ಅವರು, ಮತ್ತ ನನ್ನ ಕೈಯಾಗಿನ ಭಂಡಾರ.”

ಅಯ್ಯೋ ಶಿವನೇ! ನನಗೆ ಆಗ ಹೊಳೆಯಿತು. ಗಾಳಿಯಲ್ಲಿ ಹಾರುವ ಕೊಬ್ಬರಿ ಚೂರು ಒಂದು ಫ್ರೇಮಿನಲ್ಲಿ ಇಲ್ಲಿದ್ದರೆ ಮುಂದಿನದರಲ್ಲಿ ಅಲ್ಲಿರುತ್ತದೆ. ಇದ್ದ ಜಾಗದಲ್ಲಿ ಒಂದೇ ಸಲ ಕಾಣುತ್ತದೆ. ಬಿಳಿ ಚುಕ್ಕೆ, ಕ್ಷಣಕ್ಕೊಂದು ಕಡೆ: ಫಿಲ್ಟರಿಗೆ ಅದು ಟೇಪಿನ ಕಸ. ಅರಿಸಿನದ ಹಳದಿ ಮೋಡ ಓಡಾಡುವ ಬಣ್ಣದ ಕಲೆ. ನನ್ನ ಫಿಲ್ಟರು ಎರಡನ್ನೂ ಶ್ರದ್ಧೆಯಿಂದ ಒರೆಸಿ ಹಾಕಿತ್ತು. ಸೋನವ್ವನ ಕಣ್ಣು ಸರಿಯಾಗಿಯೇ ಇತ್ತು. ನೆಗಡಿ ಬಂತೆಂದು ಮೂಗು ಕೊಯ್ದವಳು ನಾನು.

“ಆಯೀ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ,” ಎಂದು ಅವರ ಕೈ ಹಿಡಿದೆ. “ಭಂಡಾರ ಐತಿ. ಖರೇ ಐತಿ. ನಮ್ಮ ಮಿಷನ್ನು ಅದನ್ನ ಧೂಳಾ ಅಂತ ತಿಳಕೊಂಡು ಒರಿಸಿ ಬಿಟ್ಟೈತಿ. ತರ್ತೀನಿ.”

“ನನ್ನ ಕಣ್ಣ ಪೂರಾ ಹೋಗೂದ್ರಾಗ ತಾ ತಂಗಿ,” ಎಂದರು. ಅಷ್ಟೇ.

ಊಟಕ್ಕೂ ನಿಲ್ಲದೆ ಹೊರಟೆ. ಬೆಳಗಾವಿಗೆ ಬರುವ ದಾರಿಯುದ್ದಕ್ಕೂ ಒಂದೇ ಹೆದರಿಕೆ: ಹರಿದ ಟೇಪು ತಿರುಗಿ ಓಡುವುದಿಲ್ಲ, ಇಳಿಸಿಟ್ಟದ್ದನ್ನು ಯಾರಾದರೂ ಅಳಿಸಿದ್ದರೆ? ಡಿಸ್ಕಿನಲ್ಲಿ ಜಾಗ ಬೇಕಾದಾಗ ಹಳೆಯದನ್ನು ಅಳಿಸುವುದು ನಮ್ಮಲ್ಲಿ ರೂಢಿ. ಸ್ಟುಡಿಯೋದ ಬಾಗಿಲು ತೆರೆದಿತ್ತು. ಬಾಳಾಸಾಹೇಬರು ದಸರೆಯ ಬನ್ನಿ ಎಲೆ ಮುಂದೆ ಹಿಡಿದು, “ಬಂಗಾರದಂಗ ಇರೂಣು,” ಎಂದರು. ನಾನು ಎಲೆ ತೆಗೆದುಕೊಳ್ಳುವುದನ್ನೂ ಮರೆತು ಕಂಪ್ಯೂಟರಿನ ಮುಂದೆ ಕೂತೆ. ಫೈಲು ಇತ್ತು. ನಡುವೆ ಏನೂ ಮಾಡಿಡದ ನಮ್ಮ ಪದ್ಧತಿಯ ಪುಣ್ಯ ಅದು. ಡಿಸ್ಕಿನಲ್ಲಿ ಜಾಗ ಉಳಿದಿದ್ದರಿಂದ ಯಾರೂ ಅದನ್ನು ಮುಟ್ಟಿರಲಿಲ್ಲ.

ಫಿಲ್ಟರ್ ತೆಗೆದು ಕುಣಿತದ ಕಡೆಯ ಭಾಗಕ್ಕೆ ಹೋದೆ. ಒಂದೊಂದೇ ಫ್ರೇಮು ಮುಂದಿಟ್ಟೆ. ಬೂಷ್ಟು, ಕಲೆ, ಚುಕ್ಕೆ. ಮತ್ತೊಂದು, ಮತ್ತೊಂದು. ಪರದೆಯ ಎಡ ಅಂಚಿನಲ್ಲಿ ಒಂದು ಹಳದಿ ಮೊನೆ ಕಾಣಿಸಿತು. ಮುಂದಿನ ಫ್ರೇಮಿನಲ್ಲಿ ಅದು ಅಂಗೈಯಷ್ಟಾಯಿತು. ಆಮೇಲೆ ಬಿಚ್ಚಿಕೊಂಡಿತು, ಒಳಗಿಂದ ಬಿಳಿ ಚೂರುಗಳು ಚೆದುರಿ ಮೇಲೆ ಹೋದವು, ಬಾಗಿದವು, ಇಳಿದವು. ಎತ್ತರದ ಮನುಷ್ಯ ಕುಣಿಯುತ್ತಲೇ ಎಡಕ್ಕೆ ತಿರುಗಿ, ಚಿತ್ರದ ಹೊರಗೆ ಯಾರನ್ನೋ ನೋಡಿ, ತುಟಿ ಒಂದು ಕಡೆ ಏರಿಸಿ ನಕ್ಕ. ಅಷ್ಟರಲ್ಲಿ ಭಂಡಾರ ಅವನ ಹೆಗಲ ಮೇಲೆ ಬಿತ್ತು. ಆ ನಗು ಯಾರಿಗೆಂದು ತೊಳೆದ ಚಿತ್ರದಲ್ಲಿ ನನಗೆ ತಿಳಿದಿರಲಿಲ್ಲ.

ನನಗೆ ಕೈ ಮುಗಿಯಬೇಕೆನಿಸಿತು. ಮುಗಿದೆ ಕೂಡ. ಹಿಂದೆ ಬಂದು ನಿಂತಿದ್ದ ಬಾಳಾಸಾಹೇಬರು ತಾವೂ ಮುಗಿದರು.

ಮುಂದಿನ ಕೆಲಸ ಸಣ್ಣದು. ಫಿಲ್ಟರಿಗೆ ನಾವು ಬರೆದು ಕೊಡುತ್ತಿದ್ದುದು ನಾಲ್ಕಾರು ಸಾಲಿನ ಅಪ್ಪಣೆ. ಅದರಲ್ಲಿ ತಿದ್ದಿದೆ: ಭಂಡಾರ ಹಾರುವವರೆಗೆ ಒರೆಸು, ಅದು ಹಾರುವಾಗ ಕೈ ಕಟ್ಟಿ ನಿಲ್ಲು, ಏನು ಬಂದರೂ ಹಾಗೇ ಮುಂದಕ್ಕೆ ದಾಟಿಸು.

“ಅಲ್ರೀ, ಅಷ್ಟರಾಗ ಅವರ ಮಾರಿ ಮ್ಯಾಲೂ ಕಸ ಬರತೈತಲ್ಲ?” ಎಂದರು ಮಾಲಕರು.

“ಬರ್ಲಿ ಬಿಡ್ರಿ. ಯಾವದು ಟೇಪಿನ ಚುಕ್ಕಿ, ಯಾವದು ಖೊಬ್ರಿ, ಅದನ್ನ ಆರಸೂ ಶಾಣ್ಯಾತನ ನನ್ನ ಹತ್ರ ಇಲ್ಲ, ಮಿಷನ್ನಿನ ಹತ್ರಾನೂ ಇಲ್ಲ. ಎಲ್ಲಾ ಹೋಗ್ಲಿ.”

ಚಾವಿ ಫೈಲು ಮಾಡಿ ಎನ್ಕೋಡರಿಗೆ ತೋರಿಸಿದೆ. ಅದು ಕೇಳಿತು, ಇದು ಕೊಟ್ಟಿತು. ಆ ಭಾಗ ಬಂದಾಗ ಎದ್ದು ನಿಂತು ನೋಡಿದೆ. ಆ ಹಳದಿ ಮೋಡ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ, ಒಂದು ಕಣವೂ ಸೋರದೆ, ದಾಟಿತು.

ಎರಡನೇ ಸಲ ಖಾನಾಪುರಕ್ಕೆ ಹೋದಾಗ ಜನ ಇರಲಿಲ್ಲ. ವಿಠ್ಠಲ, ಸೋನವ್ವ, ನಾನು. ಡೊಳ್ಳು ಶುರುವಾಗುತ್ತಿದ್ದಂತೆ ಸೋನವ್ವ ಬಲಗೈ ಮುಷ್ಟಿ ಮಾಡಿಕೊಂಡರು. ಗಂಡ ಎದುರಿಗೆ ಬಂದರೂ ಅವರು ಪರದೆಯ ಎಡ ಅಂಚನ್ನೇ ನೋಡುತ್ತಿದ್ದರು. ಡೊಳ್ಳಿನ ಪೆಟ್ಟು ಬಿರುಸಾಯಿತು. ಚಿತ್ರ ಒಮ್ಮೆಲೇ ಮಸುಕಾಯಿತು, ಕಲೆ ಎದ್ದವು. ಸೋನವ್ವ ಕೈ ಎತ್ತಿ ಮುಷ್ಟಿ ಬಿಚ್ಚಿದರು. ಅದೇ ಕ್ಷಣ, ದೇವರಾಣೆ, ಅದೇ ಕ್ಷಣ ಭಂಡಾರ ಅವರ ಬೆರಳ ತುದಿಯಿಂದಲೇ ಹೊರಟಂತೆ ಟಿವಿಯೊಳಗೆ ಹಾರಿತು.

“ಕಂಡತು,” ಎಂದರು. “ನಾನ ಅದು.”

ವಿಠ್ಠಲ ಬಾಯಿ ತೆರೆದು ನಿಂತಿದ್ದರು.

ಆ ಹುಡುಗಿಗೆ ಹೇಳಬೇಕಾದದ್ದು ಇಷ್ಟೇ. ಈಗ ನಿಮ್ಮ ಒಂದು ಗುಂಡಿಯೊಳಗೇ ಕೊಡುವ ಕೈ, ಒರೆಸುವ ಕೈ, ತೆಗೆದುಕೊಳ್ಳುವ ಕೈ ಎಲ್ಲ ಸೇರಿಹೋಗಿವೆ. ಒಳ್ಳೆಯದೇ ಆಯಿತು, ನಮಗೂ ಇದ್ದಿದ್ದರೆ ಬೆನ್ನುನೋವು ತಪ್ಪುತ್ತಿತ್ತು. ಚಹಾ ಕುಡಿಯಿರಿ, ಯಾರು ಬೇಡವೆಂದರು? ಆದರೆ ಕುಡಿಯುತ್ತಾ ಒಮ್ಮೆ ಪರದೆಯ ಕಡೆ ನೋಡಿ. ಒರೆಸಿ ಹಾಕಿದ್ದರಲ್ಲಿ ಯಾರದಾದರೂ ಕೈ ಇತ್ತೇನೋ.

ನಿವೃತ್ತಳಾದ ಮೇಲೆ ಒಂದು ದಿನ ಖಾನಾಪುರಕ್ಕೆ ಹೋಗಿದ್ದೆ. ಸೋನವ್ವನಿಗೆ ಈಗ ಏನೂ ಕಾಣುವುದಿಲ್ಲ. ನನ್ನ ದನಿ ಕೇಳಿ, “ಮಿಷನ್ನಿನ ತಂಗಿ ಬಂದಳೇನ?” ಎಂದು ನಕ್ಕು, ಮಗನಿಗೆ ಟಿವಿ ಹಚ್ಚಲು ಹೇಳಿದರು. ಡಿವಿಡಿ ಹೋಗಿ ಪೆನ್‌ಡ್ರೈವು ಬಂದಿತ್ತು, ಕುಣಿತ ಅದೇ. ಅವರು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಡೊಳ್ಳಿಗೆ ಕಿವಿಗೊಟ್ಟು ಮುಷ್ಟಿ ಕಟ್ಟಿದರು. ಪೆಟ್ಟು ಬಿರುಸಾಯಿತು. ಮುಷ್ಟಿ ಬಿಚ್ಚಿತು.

“ಬಿತ್ತೇನ ತಂಗಿ?” ಎಂದು ಕೇಳಿದರು.

ನಾನು ಟಿವಿ ನೋಡಿದೆ. ಎತ್ತರದ ಮನುಷ್ಯ ಎಡಕ್ಕೆ ತಿರುಗಿ ನಗುತ್ತಿದ್ದ.

“ಬಿತ್ತರೀ ಆಯಿ,” ಎಂದೆ. “ಅವರ ಹೆಗಲ ಮ್ಯಾಲ ಬಿತ್ತು. ನಿಮ್ಮ ಕಡೆ ನೋಡಿ ನಕ್ಕರು.”